ನೀರು ಬೇಡವೆಂದ ಹುಡುಗಿ



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ರೋಣದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಬೆಳಿಗ್ಗೆ ಪಕ್ಕದ ಮನೆಯಾಕೆ ಮಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು. ಹನ್ನೆರಡರ ಹುಡುಗಿ, ಎರಡು ಜಡೆ, ಶಾಲೆಯ ಸಮವಸ್ತ್ರ. ನಾನು ಮಜ್ಜಿಗೆ ಕೊಡಹೋದೆ. ಹುಡುಗಿ ತಾಯಿಯ ಮುಖ ನೋಡಿದಳು.

“ಬ್ಯಾಡ್ರಿ ಅಕ್ಕಾರ, ಆಕಿ ಸಾಲಿಗೆ ಹೊಂಟಾಳ.”

ಸಾಲಿಗೆ ಹೋಗುವವರು ಮಜ್ಜಿಗೆ ಕುಡಿಯಬಾರದೇ? ಕೇಳಿದ ಮೇಲೆ ತಿಳಿಯಿತು. ಹುಡುಗಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕಾಲು ಸೆಟೆದುಕೊಂಡಿವೆ, ಕೈ ಹೇಳಿದ ಮಾತು ಕೇಳುವುದಿಲ್ಲ. ಆದರೆ ಲೆಕ್ಕದಲ್ಲಿ ಚುರುಕು. ಅವಳ ಶಾಲೆಯ ಸಂಡಾಸಕ್ಕೆ ಎರಡು ಮೆಟ್ಟಿಲು. ಬಾಗಿಲಲ್ಲಿ ಕುರ್ಚಿ ಹಿಡಿಯುವುದಿಲ್ಲ. ಒಳಗೆ ಕುಕ್ಕರಗಾಲಲ್ಲಿ ಕೂಡಬೇಕು. ಹಾಗಾಗಿ ಬೆಳಗಿನ ಎಂಟರಿಂದ ಶಾಲೆ ಬಿಡುವತನಕ ನೀರು ಬಂದ್!

“ಈ ವರ್ಸ ಎರಡು ಸಲ ಉರಿಮೂತ್ರ ಆತ್ರಿ. ಡಾಕ್ಟರು ಭಾಳ ನೀರು ಕುಡಸ್ರಿ ಅಂತಾರ. ಎಲ್ಲಿ ಕುಡಸೂದ್ರಿ? ನಾಳೆ ದೊಡ್ಡಾಕಿ ಆದ್ಲಂದ್ರ ಸಾಲಿ ಬಿಡಸೂದ ಗತಿ.”

ಆ ಮಾತು ಕೇಳಿ ನನ್ನ ಕೈಯ ಲೋಟ ಕೈಯಲ್ಲೇ ಉಳಿಯಿತು. ಪಾಠ ಬಾರದೆ ಶಾಲೆ ಬಿಡುವುದು ಒಂದು ಮಾತು. ಬಚ್ಚಲಿಲ್ಲದೆ ಬಿಡುವುದೆಂದರೇನು?

ಹೊಸ ಮನೆ ಕಟ್ಟುವಾಗ ಒಲೆಕಟ್ಟೆ ಎಷ್ಟೆತ್ತರ ಇರಬೇಕೆಂದು ಗೌಂಡಿಯೊಡನೆ ವಾದ ಹೂಡುವವರು ನಾವೇ ಅಲ್ಲವೇ? ಹಾಗಾದರೆ ಇದನ್ನೂ ನಾವೇ ಹೇಳೋಣ. ಟೇಪು ಹಿಡಿದುಕೊಳ್ಳಿ.

ಮೊದಲು ದಾರಿ. ಮೆಟ್ಟಿಲ ಬದಲು ಇಳಿಜಾರು ಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಎರಡೂ ಬದಿಗೆ ಹಿಡಿಕೆ. ನರಗುಂದ, ರೋಣದ ಕಡೆ ಎರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬರೀ ಮೇಲೆ ಸಿಮೆಂಟು ಬಳಿದರೆ ಒಂದೆರಡು ವರ್ಷಕ್ಕೆ ಇಳಿಜಾರು ಗೋಡೆ ಬಿಟ್ಟು ಬಾಯ್ತೆರೆಯುತ್ತದೆ. ಎರಿ ತೆಗೆದು ಗರಸು ತುಂಬಿ, ಬಡಿದು, ಆಮೇಲೆ ಕಟ್ಟಲು ಹೇಳಿ.

ಬಾಗಿಲು 3 ಅಡಿ ಅಗಲವಿರಲಿ, ಹೊರಕ್ಕೆ ತೆರೆಯಲಿ. ಒಳಗೆ ಮಗು ಬಿದ್ದರೂ ಬಾಗಿಲು ತೆರೆಯಬೇಕಲ್ಲ! ಹೊಸ್ತಿಲು ಬೇಡ. ಕುರ್ಚಿ ತಿರುಗಲು 5 ಅಡಿ ಸುತ್ತಳತೆಯಲ್ಲ, 5 ಅಡಿ ಅಡ್ಡಗಲದ ಜಾಗ ಬೇಕು. ಕೋಣೆ 2.2 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದರೆ ಗಾಲಿಕುರ್ಚಿಗೆ ಸಾಕು. ಕಮೋಡು, ಅದರ ಪಕ್ಕದಲ್ಲಿ ಗೋಡೆಗೆ ಗಟ್ಟಿಯಾದ ಉಕ್ಕಿನ ಹಿಡಿಕೆ, ಜಾರದ ನೆಲ, ಕೂತಲ್ಲೇ ಕೈಗೆಟುಕುವ ನಲ್ಲಿ.

ಆದರೆ ಕೂಡಲೂ ಬಾರದ ಮಕ್ಕಳಿದ್ದಾರೆ. ಅವರ ಲಂಗೋಟಿ, ಪ್ಯಾಡು ಬದಲಿಸಲು ಮಲಗಿಸಬೇಕು. ಎಲ್ಲಿ? ಒದ್ದೆ ನೆಲದ ಮೇಲೆಯೇ? ಬ್ರಿಟನ್ನಿನಲ್ಲಿ ಇಂಥವರ ಮನೆಯವರು, ಸಂಘಗಳವರು 2006ರಲ್ಲಿ ‘ಚೇಂಜಿಂಗ್ ಪ್ಲೇಸಸ್’ ಎಂಬ ಚಳವಳಿ ಹೂಡಿದರು. ಅಲ್ಲಿ ಈಗ 12 ಚದರ ಮೀಟರಿನ ಕೋಣೆ, ದೊಡ್ಡವರೂ ಮಲಗುವಂಥ ಹಲಗೆ, ಎತ್ತಲು ಯಂತ್ರ ಇರುತ್ತವೆ. ನಮ್ಮಲ್ಲಿ ಯಂತ್ರ ಬರುವತನಕ ತೊಳೆಯಲು ಬರುವ ಗಟ್ಟಿ ಮಂಚವಾದರೂ ಇರಲಿ. ಎತ್ತರ ನಿಮ್ಮ ಸೊಂಟದ ಮಟ್ಟಕ್ಕೆ, ಇಲ್ಲವಾದರೆ ಆಯಾಳ ಬೆನ್ನು ಹೋಗುತ್ತದೆ. ಬದಿಗೆ ತಡೆಗಂಬಿ, ಸುತ್ತ ಪರದೆ, ಮುಚ್ಚಳದ ಡಬ್ಬಿ, ಸಾಬೂನು. ಮಗುವನ್ನು ಮಂಚದ ಮೇಲೆ ಬಿಟ್ಟು ಒಂದು ಕ್ಷಣವೂ ಸರಿಯಬಾರದು. ಬಟ್ಟೆ ಬದಲಿಸುವ ಮುಂಚೆ ಮಗುವಿಗೆ ಹೇಳಿ, ಕೇಳಿಯೇ ಮುಟ್ಟಬೇಕು. ಮಾತು ಬಾರದಿದ್ದರೂ ಮಾನ ಇದೆಯಲ್ಲ!

ಇದನ್ನು ಯಾರೂ ದಾನವಾಗಿ ಕೊಡಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಶಾಲೆಯ ಕಟ್ಟಡ, ಸೌಲಭ್ಯಗಳು ಇಂಥ ಮಕ್ಕಳಿಗೆ ಎಟುಕುವಂತಿರಬೇಕೆಂದು ಬರೆದಿದೆ. ಮುಖ್ಯೋಪಾಧ್ಯಾಯರಿಗೂ ಎಸ್.ಡಿ.ಎಂ.ಸಿ.ಗೂ ಅರ್ಜಿ ಕೊಡಿ, ಒಂದು ಪ್ರತಿ ಬಿ.ಇ.ಓ. ಕಚೇರಿಗೆ. ಸ್ವೀಕೃತಿಯ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಆ ತಾಯಿ ಒಬ್ಬರೇ ಹೋಗಲು ಅಂಜಿದ್ದರು. ಓಣಿಯ ಆರು ಜನ ಹೆಂಗಸರು ಜೊತೆಗೆ ಹೋದರು. ಮೊನ್ನೆ ದೀಪಾವಳಿಗೆ ಮತ್ತೆ ಹೋದಾಗ ನೋಡಿದೆ: ಇಳಿಜಾರು ಆಗಿದೆ, ಬಾಗಿಲು ಅಗಲವಾಗಿದೆ, ಕಮೋಡು ಕೂತಿದೆ. ಹಿಡಿಕೆ ಇನ್ನೂ ಬಂದಿಲ್ಲ, ತಾಯಿ ಮಧ್ಯಾಹ್ನ ಹೋಗಿ ಹಿಡಿದು ಕೂರಿಸುತ್ತಾರೆ. ಅರ್ಧ ಕೆಲಸವೇ ಅನ್ನಿ. ಆದರೆ ಹುಡುಗಿಯ ಚೀಲದಲ್ಲಿ ನೀರಿನ ಬಾಟಲಿ ಇತ್ತು. ನಾನು ಕೊಟ್ಟ ಮಜ್ಜಿಗೆಯನ್ನೂ ಈ ಸಲ ಬಿಡಲಿಲ್ಲ!

ಗಜೇಂದ್ರಗಡದಲ್ಲಿರಲಿ, ನರಗುಂದದಲ್ಲಿರಲಿ, ನಿಮ್ಮ ಮಕ್ಕಳ ಶಾಲೆಗೆ ಹೋದಾಗ ಒಮ್ಮೆ ಹಿಂದಿನ ಆ ಬಾಗಿಲನ್ನೂ ತೆರೆದು ನೋಡಿ. ಕಂಡದ್ದನ್ನು ನನಗೆ ಬರೆಯುತ್ತೀರಲ್ಲ?