ಅಪ್‌ಡೇಟ್ ಆದಮೇಲೆ ಮಲಗಿದ ಮೌಸು
ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಆನ್ ಆದಾಗ ವೈರ್‌ಲೆಸ್ ಕೀಬೋರ್ಡು, ಮೌಸು ಎರಡೂ ಸ್ಪಂದಿಸದಿದ್ದರೆ, ದಯವಿಟ್ಟು ಹೊಸದು ಕೊಳ್ಳಲು ಅಂಗಡಿಗೆ ಓಡಬೇಡಿ. ಸೆಲ್ ಬದಲಿಸಿ ನೋಡಿ, ರಿಸೀವರನ್ನು ಕಿತ್ತು ಬೇರೆ ಪೋರ್ಟಿಗೆ ಹಾಕಿ. ಯುಎಸ್‌ಬಿ 3.0 ಪೋರ್ಟಿಗಿಂತ ಹಳೆಯ 2.0 ಮೇಲು, 3.0 ಕೆಲಸ ಮಾಡುವಾಗ ಏಳುವ ರೇಡಿಯೋ ಗದ್ದಲ ಈ ರಿಸೀವರುಗಳ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡಿಯಾಗುತ್ತದೆಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಮೌಸು ಆಗಾಗ ನಿದ್ದೆಗೆ ಜಾರುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿನ ಟಿಕ್ ತೆಗೆಯಿರಿ. ಇಷ್ಟಾದರೂ ಸರಿಹೋಗದಿದ್ದರೆ ತಪ್ಪು ಅಪ್‌ಡೇಟಿನದೇ ಇರಬಹುದು. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಏನು ಮಾಡಿತು ನೋಡಿ: ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸುಗಳೇ ನಡೆಯದಂತಾದವು, ವೈರ್ ಇದ್ದವೂ ಸೇರಿ. ಮಾಮೂಲಿ ವಿಂಡೋಸಿನಲ್ಲಿ ಎಲ್ಲವೂ ಸರಿ. ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆಂದೇ ಇಟ್ಟ ಜಾಗದಲ್ಲಿ ಮಾತ್ರ ಕೈ ಕಟ್ಟಿದಂತೆ. ಟಚ್‌ಸ್ಕ್ರೀನ್ ಇದ್ದವರು, ದುಂಡು ಪಿನ್ನಿನ ಹಳೆಯ ಪಿಎಸ್/2 ಕೀಬೋರ್ಡ್ ಉಳಿಸಿಕೊಂಡವರು ಪಾರಾದರು. ಮೈಕ್ರೋಸಾಫ್ಟ್ 20ರಂದು ತುರ್ತು ಪರಿಹಾರ ಬಿಟ್ಟಿತು. ಬೇಗನೇ ಬಂತು, ನಿಜ; ಆದರೆ ದುರಸ್ತಿಯ ದಾರಿಯನ್ನೇ ಮುಚ್ಚುವ ಅಪ್‌ಡೇಟ್ ಪರೀಕ್ಷೆ ದಾಟಿ ಹೊರಬರಲೇಬಾರದಿತ್ತು. ಹೀಗಾಗಿ ಬಳಕೆದಾರರು ಅಪ್‌ಡೇಟಿಗೆ ಮೊದಲು ಫೈಲುಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಲಿ. ತೊಂದರೆ ಕಂಡರೆ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಹಿಸ್ಟರಿಗೆ ಹೋಗಿ ಹೊಸದಾಗಿ ಬಂದದ್ದನ್ನು ಅನ್‌ಇನ್‌ಸ್ಟಾಲ್ ಮಾಡಲಿ.