ಆ್ಯಪ್ ಮಾಡೋರೇ, ಒಮ್ಮೆ ನಮ್ಮ ಬದುವಿನ ಮೇಲೆ ನಿಂತು ನೋಡ್ರಿ

ಉತಾರದಾಗ 2.20 ಅಂತ ಇದ್ದರೆ ಅದು 2 ಎಕರೆ 20 ಗುಂಟೆ. ಸಾಲಿ ಮೆಟ್ಟಿಲು ಹತ್ತದ ನಮ್ಮ ಅಜ್ಜಂದಿರಿಗೂ ಇದು ಗೊತ್ತು. ಆದರೆ ಎಕರೆಯನ್ನು ದಶಮಾಂಶದಲ್ಲಿ ಲೆಕ್ಕ ಹಾಕುವ ಆ್ಯಪ್‌ಗೆ ಗೊತ್ತಿಲ್ಲ. ಅದು 2.20 ಅನ್ನು ಎರಡೂ ಕಾಲಿಗಿಂತ ಕಡಿಮೆ ಎಂದು ಓದುತ್ತದೆ. ನಿಮ್ಮ ಜಮೀನು ಎರಡೂವರೆ ಎಕರೆ, ಅಂದರೆ 100 ಗುಂಟೆ. ಆ್ಯಪ್ ಲೆಕ್ಕದಲ್ಲಿ ಅದು 88 ಗುಂಟೆ. 12 ಗುಂಟೆ ಹೋಯಿತು! ಎಕರೆಗೆ 200 ಲೀಟರ್ ಜೀವಾಮೃತ ಎಂದು ಹಿಡಿದರೆ 500 ಲೀಟರ್ ಬೇಕಾದಲ್ಲಿ ಅದು 440 ಎನ್ನುತ್ತದೆ. ಜೀವಾಮೃತಕ್ಕೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಇದೇ ತಪ್ಪು ಬೆಳೆ ವಿಮೆಯ ಅರ್ಜಿಯಲ್ಲಿ ಆದರೆ?

ಇಂಥ ತಪ್ಪು ಸರಿಪಡಿಸುವುದು ಕೋಡ್ ಬರೆಯುವವರಿಗೆ ಹತ್ತು ನಿಮಿಷದ ಕೆಲಸ. ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಚೌಕ ಇಟ್ಟರೆ ಮುಗಿಯಿತು. ಹಾಗಾದರೆ ತಪ್ಪು ಉಳಿಯುವುದೇಕೆ? ಆ್ಯಪ್ ಅನ್ನು ಹೊಲದಲ್ಲಿ ಪರೀಕ್ಷೆ ಮಾಡಿಲ್ಲ, ಅದಕ್ಕೆ. ನನ್ನ ಅಭಿಪ್ರಾಯ ಇಷ್ಟೇ: ಕೃಷಿ ಆ್ಯಪ್ ಹೊಲದಲ್ಲಿ ಪಾಸಾದ ಮೇಲೆಯೇ ಪ್ಲೇ ಸ್ಟೋರ್‌ಗೆ ಹೋಗಬೇಕು. ಆ ಪರೀಕ್ಷೆ ಮಾಡಬೇಕಾದವರು ನಾವು.

ಜೋಳ ಅಂದರೆ ಯಾವ ಜೋಳ?

ಇಂಗ್ಲಿಷಿನ 'ಕಾರ್ನ್' ಅನ್ನು ಯಂತ್ರಕ್ಕೆ ಅನುವಾದಿಸಲು ಕೊಟ್ಟರೆ 'ಜೋಳ' ಎಂದು ಬರುವುದುಂಟು. ನಮ್ಮ ವಿಜಯಪುರದಲ್ಲಿ ಜೋಳ ಅಂದರೆ ಬಿಳಿಜೋಳ, ರೊಟ್ಟಿ ಜೋಳ. ಕಾರ್ನ್ ಅಂದರೆ ಗೋವಿನಜೋಳ. ಗೋವಿನಜೋಳಕ್ಕೆ ಹೊಡೆಯುವ ಟೆಂಬೋಟ್ರಿಯಾನ್ ಕಳೆನಾಶಕ ಬಿಳಿಜೋಳಕ್ಕೆ ಬಿದ್ದರೆ ಎಲೆ ಬಿಳಿಚಿಕೊಂಡು ಬೆಳೆ ಹಾಳಾಗುತ್ತದೆ. ಒಂದು ಪದದ ತಪ್ಪಿಗೆ ಒಂದು ಹಿಂಗಾರಿ ಬೆಳೆ ಹೋಗಬಹುದು.

ಉಳ್ಳಾಗಡ್ಡಿ ಎಂದು ಹುಡುಕಿದರೂ ಈರುಳ್ಳಿ ಸಿಗಬೇಕು, ಶೇಂಗಾ ಎಂದರೂ ಕಡಲೆಕಾಯಿ ಸಿಗಬೇಕು. ದ್ರಾಕ್ಷಿಗೂ 'ಬಿತ್ತನೆ ದಿನಾಂಕ' ಕಡ್ಡಾಯವಾಗಿ ಕೇಳುವ ಆ್ಯಪ್ ನಾನು ನೋಡಿದ್ದೇನೆ. ದ್ರಾಕ್ಷಿ ಯಾರು ಬಿತ್ತುತ್ತಾರ್ರಿ? ತಿಕೋಟಾ, ಬಬಲೇಶ್ವರ ಕಡೆ ಎಲ್ಲ ಲೆಕ್ಕವೂ ಚಾಟ್ನಿಯಿಂದ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಆಮೇಲೆ ಎಷ್ಟನೇ ದಿನ ಅನ್ನೋದೇ ಮುಖ್ಯ. ಇದನ್ನು ತಿಳಿಯಲು ದೊಡ್ಡ ಸಂಶೋಧನೆ ಬೇಡ, ಒಂದು ತೋಟದಲ್ಲಿ ಅರ್ಧ ದಿನ ಕೂತರೆ ಸಾಕು.

ಮಾತಿನಲ್ಲಿ ಕೇಳಿ ಉತ್ತರ ಪಡೆಯುವ ಕಾಲ ಬಂದಿದೆ. ಕೇಂದ್ರ ಸರ್ಕಾರದ 'ಭಾಷಿಣಿ' 2022ರಿಂದ ಇದೆ, ಐಐಟಿ ಮದ್ರಾಸ್‌ನ 'ಎಐ4ಭಾರತ್' ತಂಡ ಕನ್ನಡಕ್ಕೂ ಮುಕ್ತವಾಗಿ ಬಳಸಬಹುದಾದ ಮಾದರಿಗಳನ್ನು ಕೊಟ್ಟಿದೆ. ಡೆವಲಪರ್‌ಗಳು ಇವನ್ನು ಬಳಸಲಿ. ಆದರೆ "ಎಲಿ ಮ್ಯಾಗ ಬೂದಿ ಬಿದ್ದಂಗ ಆಗೈತಿ" ಎಂದರೆ ಅದಕ್ಕೆ ಬೂದಿ ರೋಗ ನೆನಪಾಗಬೇಕು. ಪುಸ್ತಕದ ಕನ್ನಡ ಮಾತ್ರ ತಿಳಿದರೆ ಅರ್ಧ ಕರ್ನಾಟಕಕ್ಕೆ ಅದು ಕಿವುಡು.

ನೆಟ್‌ವರ್ಕ್ ಹೋದರೂ ನಡೀಬೇಕು

"ರೈತರಿಗೆ ಆ್ಯಪ್ ಬಳಸಲು ಬರಲ್ಲ" ಎನ್ನುವ ನೆಪ ಹಳೆಯದಾಯಿತು. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಾಗ ಸಾವಿರಾರು ಜನ ತಮ್ಮ ಸರ್ವೆ ನಂಬರಿನಲ್ಲಿ ನಿಂತು ತಾವೇ ಬೆಳೆಯ ಫೋಟೊ ಹಾಕಿದರು. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆಗೆ ಆ ಮಾಹಿತಿ ಬೇಕು ಅಂತ ಗೊತ್ತಿತ್ತು. ಉಪಯೋಗ ಇದ್ದರೆ ಕಲಿಯುತ್ತೇವೆ.

ತೊಡಕು ಇರುವುದು ಬೇರೆ ಕಡೆ. ಹೊಲದಾಗ ಸಿಗ್ನಲ್ ಒಂದು ಕಡ್ಡಿ ಇರ್ತದ, ಇಲ್ಲಾ ಅದೂ ಇರಲ್ಲ. ಆದ್ದರಿಂದ ನಮೂದಿಸಿದ್ದೆಲ್ಲ ಮೊದಲು ಫೋನಿನಲ್ಲೇ ಉಳಿಯಬೇಕು, ಮನೆಗೆ ಬಂದು ನೆಟ್ ಸಿಕ್ಕಾಗ ತಾನಾಗಿ ಮೇಲೆ ಹೋಗಬೇಕು. ಕೋಡ್ ಬರೆಯುವವರಿಗೆ ಗೊತ್ತು, ಆಂಡ್ರಾಯ್ಡ್‌ನಲ್ಲಿ ಇದಕ್ಕೆ ರೂಮ್, ವರ್ಕ್‌ಮ್ಯಾನೇಜರ್ ಎಂಬ ಸಿದ್ಧ ಸಾಧನಗಳೇ ಇವೆ. ಫೋಟೊ ಕಳಿಸುವ ಮೊದಲು ಗಾತ್ರ ತಗ್ಗಿಸಲಿ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಪರದೆ, ತೆಳು ಅಕ್ಷರ ಕಾಣುವುದಿಲ್ಲ. ಕೈಗೆ ಮಣ್ಣು ಮೆತ್ತಿದಾಗ ಸಣ್ಣ ಗುಂಡಿ ಒತ್ತಲು ಬರುವುದಿಲ್ಲ. ಅಕ್ಷರ ದಪ್ಪ, ಗುಂಡಿ ದೊಡ್ಡದು, ಹಿನ್ನೆಲೆ ತಿಳಿ ಇರಲಿ.

ಸಲಹೆ ಕೊಡೋನೇ ಮಾರೋನಾದರೆ?

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಇಲ್ಲಿ. ಎಲೆಯ ಫೋಟೊ ತೆಗೆದರೆ ರೋಗದ ಹೆಸರು ಬರುತ್ತದೆ, ಅದರ ಕೆಳಗೇ 'ಖರೀದಿಸಿ' ಗುಂಡಿ. ಔಷಧ ಅಂಗಡಿಯವನು ಡಾಕ್ಟರೂ ಆದಂತೆ ಇದು. ದ್ರಾಕ್ಷಿಗೆ ದಾವಣಿ ರೋಗ ಬರುವ ಹವೆ ಇದ್ದರೆ ಮೊದಲು ಹೇಳಬೇಕಾದದ್ದು ಎಲೆ ತೆಗೆದು ಗಾಳಿ ಆಡುವಂತೆ ಮಾಡಿ, ನೀರು ಹಿಡಿತದಲ್ಲಿ ಇಡಿ ಎಂದು. ಈ ಸಲಹೆಯಲ್ಲಿ ಯಾರಿಗೂ ಲಾಭವಿಲ್ಲ, ಅದಕ್ಕೇ ಅದು ಪಟ್ಟಿಯ ಕೊನೆಗೆ ಹೋಗುತ್ತದೆ. ನನ್ನಂತೆ ಸಾವಯವ ಮಾಡುವವರಿಗೆ 'ರಾಸಾಯನಿಕ ಬೇಡ' ಎಂದು ಆರಿಸುವ ಅವಕಾಶವಾದರೂ ಇರಬೇಕು.

ಡೆವಲಪರ್‌ಗೂ ಹೊಟ್ಟೆ ಇದೆ, ಸರ್ವರ್ ಬಾಡಿಗೆ ಇದೆ. ಪುಕ್ಕಟೆ ಕೊಡಿ ಎಂದು ನಾನು ಹೇಳುವುದಿಲ್ಲ. ಹಂಗಾಮಿಗೆ ಇಷ್ಟು ಎಂದು ನೇರವಾಗಿ ಕೇಳಲಿ, ಇಲ್ಲವೇ ರೈತ ಉತ್ಪಾದಕ ಕಂಪನಿಗಳ ಮೂಲಕ ಪಡೆಯಲಿ. ಒಂದು ಸಿಂಪರಣೆ ಉಳಿದರೆ ಆ ದುಡ್ಡು ಕೊಡಲು ನಾವು ತಯಾರಿರಬೇಕು. ಪುಕ್ಕಟೆ ಬೇಕು ಎಂದರೆ ಅದರ ಬೆಲೆಯನ್ನು ಔಷಧ ಬಾಟ್ಲಿಯಲ್ಲೇ ಕಟ್ಟಬೇಕಾಗುತ್ತದೆ.

ಕೇಳಿದ್ದಕ್ಕೆಲ್ಲ 'ಅಲೋ' ಒತ್ತಬೇಡಿ

ಹವಾಮಾನ ಹೇಳುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ? ವೈಯಕ್ತಿಕ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಫೋಟೊ ಮುಟ್ಟಬಾರದು ಎಂದು ಗೂಗಲ್ 2023ರ ಮೇ 31ರಿಂದ ನಿಯಮ ಮಾಡಿದೆ. ದೇಶದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಅದರಲ್ಲಿ ಕನ್ನಡವೂ ಇದೆ. ಡೆವಲಪರ್‌ಗಳು ಈಗಲೇ ತಯಾರಾಗುವುದು ಒಳ್ಳೇದು. ಫ್ರೂಟ್ಸ್ ಐಡಿ, ಆಧಾರ್, ಬ್ಯಾಂಕ್ ಖಾತೆ ಇವೆಲ್ಲ ಕೇಳುವ ಮೊದಲು ಯಾಕೆ ಬೇಕು ಎಂದು ಒಂದು ಸಾಲಿನಲ್ಲಿ ಬರೆಯಲಿ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಯಾರು ಕಳಿಸಿದರೂ ಹಾಕಿಕೊಳ್ಳಬೇಡಿ. ಪಿಎಂ ಕಿಸಾನ್ ಹೆಸರಿನಲ್ಲೇ ಇಂಥ ಮೋಸ ನಡೆದಿದೆ.

12 ಜನ, 14 ದಿನ

ಈಗ ನಮ್ಮ ಪಾಲಿನ ಕೆಲಸ. 2023ರ ನವೆಂಬರ್ 13ರ ನಂತರ ಪ್ಲೇ ಸ್ಟೋರ್‌ನಲ್ಲಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಆ್ಯಪ್ ಅನ್ನು ಎಲ್ಲರಿಗೂ ಬಿಡುವ ಮೊದಲು ಪರೀಕ್ಷಕರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಮೊದಲು 20 ಪರೀಕ್ಷಕರು ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಅದು 12ಕ್ಕೆ ಇಳಿಯಿತು. ಹೊಸಬರು ಈ 12 ಜನರನ್ನು ಹುಡುಕಲು ಪರದಾಡುತ್ತಾರೆ, ಸಹಪಾಠಿಗಳ ಫೋನಿಗೆ ಹಾಕಿಸಿ ಲೆಕ್ಕ ತುಂಬಿಸುತ್ತಾರೆ. ಆ 12 ಜನ ನಮ್ಮೂರವರೇ ಯಾಕಾಗಬಾರದು?

ವಿಜಯಪುರದಲ್ಲೇ ಬಿಎಲ್‌ಡಿಇ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿದೆ. ಹಿಟ್ನಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಇವೆ. ಕೋಡ್ ಬರೆಯುವ ವಿದ್ಯಾರ್ಥಿ, ಬೆಳೆ ಗೊತ್ತಿರುವ ವಿಜ್ಞಾನಿ, ಹೊಲ ಇರುವ ರೈತ, ಮೂವರೂ ಹತ್ತಿರದಲ್ಲೇ ಇದ್ದೇವೆ. ನಿಮ್ಮ ತಮ್ಮನೋ ತಂಗಿಯೋ ಬಿಇ, ಬಿಸಿಎ ಓದುತ್ತಿದ್ದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ಜೈನಾಪುರದಂಥ ಒಂದು ಊರನ್ನು ಹಿಡಿಯಲು ಹೇಳ್ರಿ. ಖಾತೆಯ ಶುಲ್ಕ ಒಮ್ಮೆಗೆ 25 ಡಾಲರ್ ಮಾತ್ರ. 12 ಜನರಲ್ಲಿ ದ್ರಾಕ್ಷಿಯವರು, ದಾಳಿಂಬೆಯವರು, ಲಿಂಬೆಯವರು, ಒಣಬೇಸಾಯದ ಜೋಳ–ತೊಗರಿಯವರು, ಎಮ್ಮೆ ಸಾಕುವ ಅಕ್ಕಂದಿರು, ಹಳೇ ಫೋನಿನ ಕಾಕಾ ಒಬ್ಬರು ಇರಲಿ.

ಪರೀಕ್ಷೆಗೆ ಒಪ್ಪಿದರೆ ಸರಿಯಾಗಿ ಮಾಡ್ರಿ. "ಚಲೋ ಇಲ್ಲ" ಎಂದು ಒಂದು ಸ್ಟಾರ್ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಫೋನ್ ಯಾವುದು, ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ನಾಲ್ಕು ಸಾಲು ಬರೆದು ಸ್ಕ್ರೀನ್‌ಶಾಟ್ ಹಾಕಿ. ಡೆವಲಪರ್‌ಗೆ ಇದು ಹತ್ತು ಹೊಗಳಿಕೆಗಿಂತ ದೊಡ್ಡದು. ಈ ಅಕ್ಟೋಬರ್ ಚಾಟ್ನಿಯೊಳಗೆ ನಿಮ್ಮೂರಲ್ಲಿ ಅಂಥ 12 ಜನರ ಒಂದು ಗುಂಪು ಮಾಡ್ರಿ. ಆ್ಯಪ್ ಮಾಡುವವರು ಬಂದಾಗ ನಮ್ಮ ಹತ್ತಿರ ಬರೀ ದೂರು ಇರಬಾರದು, ತಿದ್ದುಪಡಿಯ ಪಟ್ಟಿ ಇರಬೇಕು.