ಮೊದಲು ಕದನ, ಆಮೇಲೆ ನಿಯಮಪುಸ್ತಕ

ನೆಪೋಲಿಯನ್ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಪುಟ್ಟ ಗೊಂಬೆ ಸೈನಿಕರಿಂದ ಆಡುವ ಹವ್ಯಾಸಿಗಳು ಹೆಸರುವಾಸಿಯಾದ ನಿಯಮಪುಸ್ತಕವನ್ನು ಕೊಂಡುಬಿಡುತ್ತಾರೆ. ಮೊದಲು ತೀರ್ಮಾನವಾಗಬೇಕಾದದ್ದು ಬೇರೆ: ಆಟಗಾರ ಸೇನಾಪತಿಯಾಗಬೇಕೋ, ಹತ್ತಿಪ್ಪತ್ತು ಆಳುಗಳ ನಾಯಕನಾಗಬೇಕೋ?

1815ರ ಜೂನ್ 18ರ ವಾಟರ್‌ಲೂ ಕದನವನ್ನೇ ನೋಡಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಅಲ್ಲಿನ ವೆಲಿಂಗ್ಟನ್. ಅವನಂತೆ ಇಡೀ ಸೇನೆ ನಡೆಸುವವರಿಗೆ ಸ್ಯಾಮ್ ಮುಸ್ತಫಾ ಅವರ ನಿಯಮಪುಸ್ತಕ ‘ಬ್ಲೂಕರ್’ ಒಪ್ಪುತ್ತದೆ. ಅದೇ ಕದನದಲ್ಲಿ ಊಗುಮೋಂಟ್ ತೋಟದಮನೆಯ ಬಾಗಿಲು ಮುಚ್ಚಲು ಹೆಣಗಿದ ಬೆರಳೆಣಿಕೆಯ ಸೈನಿಕರ ಕಥೆ ಬೇಕಿದ್ದರೆ ‘ಶಾರ್ಪ್ ಪ್ರಾಕ್ಟೀಸ್’.

ನಡುವಿನ ಅಳತೆಗೆ ‘ಬ್ಲ್ಯಾಕ್ ಪೌಡರ್’ ಇದೆ. ಇಲ್ಲಿ ಆಟಗಾರ ಆಜ್ಞೆಯನ್ನು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಎರಡು ದಾಳ ಉರುಳಿಸಬೇಕು. ಮೊತ್ತ ಸೇನಾನಿಯ ಅಂಕವನ್ನು ಮೀರಿದರೆ ಸಾಮಾನ್ಯವಾಗಿ ದಳ ನಿಂತಲ್ಲೇ ನಿಲ್ಲುತ್ತದೆ. ಕಡಿಮೆ ಬಿದ್ದರೆ ಒಂದರಿಂದ ಮೂರು ನಡೆ. ಎರಡೂ ಆರು ಬಿದ್ದರೆ ಎಡವಟ್ಟು!

ಇದೆಲ್ಲ ಬರೀ ಅದೃಷ್ಟದಾಟ ಎಂದು ಕೆಲವರು ದೂರುತ್ತಾರೆ. ಆ ದೂರು ಸರಿಯಲ್ಲ. ವಾಟರ್‌ಲೂಗೆ ಎರಡೇ ದಿನ ಮೊದಲು, ಒಂದಕ್ಕೊಂದು ತಾಳೆಯಾಗದ ಆಜ್ಞೆಗಳಿಂದಾಗಿ ಫ್ರೆಂಚ್ ಸೇನಾನಿ ಡೆರ್ಲಾನ್‌ನ ಸೈನ್ಯ ಲಿನ್ಯಿ ಮತ್ತು ಕಾತ್ರ್ ಬ್ರಾ ನಡುವೆ ಅಲೆದು ಎರಡೂ ಕಡೆ ಕಾಳಗಕ್ಕೆ ಒದಗಲಿಲ್ಲ. ಬಂದೂಕಿನ ವ್ಯಾಪ್ತಿಯನ್ನು ಕೋಷ್ಟಕಗಳಲ್ಲಿ ಅಳೆದಿಟ್ಟು, ಆಜ್ಞೆಗಳೆಲ್ಲ ತಪ್ಪದೆ ತಲುಪುವಂತೆ ಮಾಡುವ ಪುಸ್ತಕದಲ್ಲಿ ಡೆರ್ಲಾನ್‌ಗೆ ಜಾಗವೇ ಇರುವುದಿಲ್ಲ.